ಜಾಲತಾಣದ ಬರಹ: ಗುತ್ತಿಗೆಯೇ, ಸ್ವಂತ ದುಡಿಮೆಯೇ?

ಸಣ್ಣ ಕೈಗಾರಿಕಾ ಘಟಕಗಳ ಹಾಗೂ ವ್ಯಾಪಾರಿ ಸಂಸ್ಥೆಗಳ ಲೆಕ್ಕಪತ್ರಗಳಲ್ಲಿ ಕೆಲವು ವರ್ಷಗಳಿಂದ ಹೊಸದೊಂದು ಖರ್ಚಿನ ಬಾಬು ಕಾಣಿಸಿಕೊಳ್ಳುತ್ತಿದೆ. ಕೆಲವರು ಅದನ್ನು ಜಾಹೀರಾತು ಖಾತೆಗೆ ಬರೆಯುತ್ತಾರೆ, ಕೆಲವರು ಕಂಪ್ಯೂಟರ್ ನಿರ್ವಹಣೆಯ ಖಾತೆಗೆ. ಏನೂ ತೋಚದವರು ‘ಇತರೆ ವೆಚ್ಚ’ದಲ್ಲಿ ಸೇರಿಸಿ ಸುಮ್ಮನಾಗುತ್ತಾರೆ. ಬಿಲ್ಲಿನಲ್ಲಿ ‘ಎಸ್‌ಇಒ ಸೇವೆ, ಮಾಸಿಕ ನಾಲ್ಕು ಲೇಖನಗಳ ಸಹಿತ’ ಎಂದಿರುತ್ತದೆ. ಇದೇನೆಂದು ಮಾಲೀಕರನ್ನು ಕೇಳಿದರೆ, ಗೂಗಲ್‌ನಲ್ಲಿ ತಮ್ಮ ಸಂಸ್ಥೆಯ ಹೆಸರು ಮೊದಲ ಪುಟದಲ್ಲಿ ಬರುವಂತೆ ಮಾಡುವ ಕೆಲಸವೆಂಬ ಉತ್ತರ ದೊರೆಯುತ್ತದೆ. ಆ ನಾಲ್ಕು ಲೇಖನಗಳನ್ನು ಓದಿದ್ದೀರಾ ಎಂಬ ಮರುಪ್ರಶ್ನೆಗೆ ಮಾತ್ರ ಉತ್ತರ ಬರುವುದು ಅಪರೂಪ.

ಹಣ ಕೊಟ್ಟು ತರಿಸಿದ ಕಚ್ಚಾ ಮಾಲನ್ನು ತೂಕ ನೋಡದೆ, ಗುಣಮಟ್ಟ ಪರೀಕ್ಷಿಸದೆ ಗೋದಾಮಿಗೆ ಇಳಿಸಿಕೊಳ್ಳುವ ವ್ಯಾಪಾರಿ ಯಾರೂ ಇಲ್ಲ. ತನ್ನದೇ ಹೆಸರಿನಲ್ಲಿ ಪ್ರಕಟವಾಗುವ ಬರಹವನ್ನು ಮಾತ್ರ ಓದದೆ ಒಪ್ಪಿಕೊಳ್ಳುವುದು ಏಕೆ? ಮೆಣಸಿನಪುಡಿ ತಯಾರಿಸುವ ಘಟಕದ ಜಾಲತಾಣದಲ್ಲಿ ‘ಮೆಣಸಿನಕಾಯಿಯ ಹತ್ತು ಆರೋಗ್ಯ ಲಾಭಗಳು’ ಎಂಬ ಲೇಖನವಿದ್ದರೆ, ಅದೇ ಶೀರ್ಷಿಕೆಯ ಬರಹಗಳು ಜಗತ್ತಿನಲ್ಲಿ ಸಾವಿರಾರು ಇವೆ ಎಂಬುದನ್ನು ಮರೆಯಬಾರದು. ಅದನ್ನು ಓದುವವನು ಮನೆಯಲ್ಲಿ ಕುಳಿತು ಆರೋಗ್ಯದ ಚಿಂತೆ ಮಾಡುವವನೇ ಹೊರತು ಐದು ಟನ್ ಪುಡಿಗೆ ಆರ್ಡರ್ ಕೊಡುವವನಲ್ಲ.

ಶೋಧಯಂತ್ರಗಳ ಇತಿಹಾಸವನ್ನು ಸ್ವಲ್ಪ ನೋಡಿದರೂ ಇಂಥ ಬರಹಗಳ ದಿನಗಳು ಮುಗಿದು ಬಹುಕಾಲವಾಯಿತೆಂಬುದು ತಿಳಿಯುತ್ತದೆ. ಪುಟದ ಹಿಂಬದಿಯಲ್ಲಿ ಕಣ್ಣಿಗೆ ಕಾಣದಂತೆ ತುಂಬುವ ‘ಕೀವರ್ಡ್’ ಪಟ್ಟಿಯನ್ನು ತಾನು ಶ್ರೇಯಾಂಕಕ್ಕೆ ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಬಹಿರಂಗವಾಗಿ ತಿಳಿಸಿತು. ತಿರುಳಿಲ್ಲದ ಬರಹಗಳನ್ನು ರಾಶಿ ಹಾಕಿದ ತಾಣಗಳನ್ನು ಕೆಳಗಿಳಿಸುವ ‘ಪಾಂಡಾ’ ಎಂಬ ಬದಲಾವಣೆ 2011ರ ಫೆಬ್ರುವರಿಯಲ್ಲಿಯೂ, ಹಣ ಕೊಟ್ಟು ಪಡೆದ ಕೊಂಡಿಗಳನ್ನು ಗುರಿಯಾಗಿಸಿದ ‘ಪೆಂಗ್ವಿನ್’ ಎಂಬುದು 2012ರ ಏಪ್ರಿಲ್‌ನಲ್ಲಿಯೂ ಜಾರಿಗೆ ಬಂದವು. ಅಮೆರಿಕದ ಜೆ.ಸಿ. ಪೆನ್ನಿ ಎಂಬ ಬೃಹತ್ ಅಂಗಡಿ ಸಮೂಹವು ಇಂಥ ಕೊಂಡಿಗಳ ಬಲದಿಂದ ಮೊದಲ ಸ್ಥಾನದಲ್ಲಿ ಮೆರೆಯುತ್ತಿದೆಯೆಂದು 2011ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಕೆಲವೇ ದಿನಗಳಲ್ಲಿ ಆ ಸಂಸ್ಥೆ ಶೋಧ ಫಲಿತಾಂಶಗಳಲ್ಲಿ ಎಷ್ಟೋ ಪುಟಗಳ ಹಿಂದೆ ಸರಿಯಿತು. ತನಗೆ ಇದರ ಅರಿವಿರಲಿಲ್ಲವೆಂದು ಅದು ಹೇಳಿಕೊಂಡು, ಈ ಕೆಲಸಕ್ಕೆ ನೇಮಿಸಿದ್ದ ಸಂಸ್ಥೆಯನ್ನು ಕೈಬಿಟ್ಟಿತು. ಗುತ್ತಿಗೆದಾರನ ತಪ್ಪಿಗೆ ದಂಡ ತೆತ್ತದ್ದು ಮಾತ್ರ ಮಾಲೀಕ. ಯಂತ್ರದಿಂದಾಗಲಿ ಮನುಷ್ಯರಿಂದಾಗಲಿ ಶ್ರೇಯಾಂಕಕ್ಕಾಗಿಯೇ ಸಗಟಾಗಿ ಬರೆಸಿದ ಪುಟಗಳನ್ನು ನಿಯಮಭಂಗವೆಂದು 2024ರ ಮಾರ್ಚ್‌ನಲ್ಲಿ ಗೂಗಲ್ ಇನ್ನಷ್ಟು ಸ್ಪಷ್ಟವಾಗಿ ಘೋಷಿಸಿತು. ಮೊದಲ ಸ್ಥಾನವನ್ನು ಯಾರೂ ಖಾತರಿಪಡಿಸಲಾರರೆಂಬುದು ಆ ಸಂಸ್ಥೆಯದೇ ಮಾತು. ಹಾಗಿದ್ದರೂ ‘ಮೂರು ತಿಂಗಳಲ್ಲಿ ಮೊದಲ ಸ್ಥಾನ’ ಎಂಬ ಭರವಸೆಯ ಪತ್ರಗಳು ಉದ್ಯಮಿಗಳ ಇಮೇಲ್‌ಗೆ ನಿತ್ಯವೂ ಬಂದು ಬೀಳುತ್ತಲೇ ಇವೆ.

ಹಾಗಾದರೆ ಏನು ಬರೆಯಬೇಕು? ಇದಕ್ಕೆ ಉತ್ತರ ಪ್ರತಿ ಸಂಸ್ಥೆಯ ಕಚೇರಿಯಲ್ಲಿಯೇ ಇದೆ. ದೂರವಾಣಿಯಲ್ಲಿ, ಇಮೇಲ್‌ನಲ್ಲಿ, ವಾಟ್ಸಾಪ್‌ನಲ್ಲಿ ಖರೀದಿದಾರರು ದಿನವೂ ಕೇಳುವ ಪ್ರಶ್ನೆಗಳೇ ಬರಹದ ವಸ್ತು. ಅವನ್ನು ಒಂದು ವಿಚಾರಣಾ ಪುಸ್ತಕದಲ್ಲಿ ದಾಖಲಿಸುವ ಪದ್ಧತಿ ಬಹುತೇಕ ಸಂಸ್ಥೆಗಳಲ್ಲಿ ಇಲ್ಲದಿರುವುದೇ ಮೂಲ ಕೊರತೆ. ಆರ್ಡರ್ ಆದ ವಿಚಾರಣೆಗೆ ಬಿಲ್ಲು ಇರುತ್ತದೆ. ಆಗದೆ ಹೋದದ್ದಕ್ಕೆ ಯಾವ ದಾಖಲೆಯೂ ಉಳಿಯುವುದಿಲ್ಲ.

ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯ ವಹಿವಾಟನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಮೆಣಸಿನಕಾಯಿಯ ಹೆಗ್ಗಳಿಕೆ ಖಾರವಲ್ಲ, ಬಣ್ಣ. ಅದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸತ್ವವು ಆಹಾರೋದ್ಯಮಕ್ಕಷ್ಟೇ ಅಲ್ಲದೆ ಸೌಂದರ್ಯವರ್ಧಕಗಳ ತಯಾರಿಕೆಗೂ ಬೇಕು. ಈ ಮಾಲು ಕೊಳ್ಳುವವನು ಏನು ಕೇಳುತ್ತಾನೆ? ಡಬ್ಬಿ ಮತ್ತು ಕಡ್ಡಿ ತಳಿಗಳಿಗೆ ವ್ಯತ್ಯಾಸವೇನು? ಬಣ್ಣದ ಆಸ್ಟಾ ಮಾಪನ ಎಷ್ಟು, ಖಾರದ ಸ್ಕೋವಿಲ್ ಮಾಪನ ಎಷ್ಟು? ತೇವಾಂಶ ಶೇಕಡಾ ಎಷ್ಟು? ಶೀತಲಗೃಹದಲ್ಲಿ ಇಟ್ಟ ಮಾಲಿನ ಬಣ್ಣ ಎಷ್ಟು ತಿಂಗಳು ನಿಲ್ಲುತ್ತದೆ? ತೊಟ್ಟು ತೆಗೆದ ಮಾಲು ಸಿಗುವುದೇ? ಬ್ಯಾಡಗಿ ಮಾರುಕಟ್ಟೆಗೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮಾಲು ಬರುತ್ತದೆ, ಸಂಕರ ತಳಿಗಳೂ ಬರುತ್ತವೆ. ಕೊಡುವ ಮಾಲು ಮೂಲ ತಳಿಯೆಂಬುದಕ್ಕೆ ಆಧಾರವೇನು? ಇವುಗಳಲ್ಲಿ ಒಂದೊಂದೂ ಒಂದೊಂದು ಪುಟಕ್ಕೆ ಸಾಕಾಗುವ ವಿಷಯ. ಈ ಪ್ರಶ್ನೆಗಳಿಗೆ ಬಾಯಿಪಾಠದಂತೆ ಉತ್ತರ ಹೇಳಬಲ್ಲವನು ಮೂವತ್ತು ವರ್ಷ ಟೆಂಡರ್‌ನಲ್ಲಿ ನಿಂತು ಮಾಲು ಹಿಡಿದು ನೋಡಿದ ವ್ಯಾಪಾರಿಯೇ ಹೊರತು, ಮಹಾನಗರದ ಕಚೇರಿಯಲ್ಲಿ ಕುಳಿತು ಬೆಳಿಗ್ಗೆ ದಂತವೈದ್ಯರಿಗೂ ಮಧ್ಯಾಹ್ನ ಮೆಣಸಿನಕಾಯಿಗೂ ಬರೆಯುವ ಯುವಕನಲ್ಲ. ಆ ಯುವಕನ ತಪ್ಪೂ ಇದರಲ್ಲಿ ಇಲ್ಲ. ಅವನಿಗೆ ಯಾರೂ ಹೇಳಿಲ್ಲ.

ವಿದೇಶಿ ಖರೀದಿದಾರನ ಪ್ರಶ್ನೆಗಳು ಮತ್ತೂ ಗಂಭೀರ. 2003ರಲ್ಲಿ ಭಾರತದಿಂದ ಹೋದ ಮೆಣಸಿನ ಉತ್ಪನ್ನಗಳಲ್ಲಿ ಸೂಡಾನ್ ಎಂಬ ನಿಷೇಧಿತ ಬಣ್ಣ ಫ್ರಾನ್ಸ್‌ನಲ್ಲಿ ಪತ್ತೆಯಾದ ಮೇಲೆ ಐರೋಪ್ಯ ಒಕ್ಕೂಟವು ಪರೀಕ್ಷಾ ವರದಿಯನ್ನು ಕಡ್ಡಾಯಗೊಳಿಸಿತು. 2005ರಲ್ಲಿ ಬ್ರಿಟನ್ನಿನಲ್ಲಿ ಇದೇ ಕಾರಣದಿಂದ ನೂರಾರು ಬಗೆಯ ಸಿದ್ಧ ಆಹಾರಗಳನ್ನು ಅಂಗಡಿಗಳಿಂದ ಹಿಂದೆಗೆಯಬೇಕಾಯಿತು. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಾಪುರದಲ್ಲಿ ಭಾರತೀಯ ಮಸಾಲೆ ಪುಡಿಗಳ ವಿಷಯದಲ್ಲಿ ಎಥಿಲೀನ್ ಆಕ್ಸೈಡ್‌ನ ಪ್ರಶ್ನೆ ಎದ್ದಿತು. ಇಷ್ಟೆಲ್ಲ ಆದ ಮೇಲೆ ಆಮದುದಾರನು ಶೋಧಯಂತ್ರದಲ್ಲಿ ಟೈಪು ಮಾಡುವುದು ‘ಅತ್ಯುತ್ತಮ ಮೆಣಸಿನಪುಡಿ’ ಎಂಬ ಪದಗಳನ್ನಲ್ಲ. ಸೂಡಾನ್, ಅಫ್ಲಾಟಾಕ್ಸಿನ್, ಪರೀಕ್ಷಾ ವರದಿ ಎಂಬ ಪದಗಳು ಅವನ ಶೋಧದಲ್ಲಿ ಇದ್ದೇ ಇರುತ್ತವೆ. ಯಾವ ಪ್ರಯೋಗಾಲಯದಲ್ಲಿ, ಯಾವ ಹಂತದಲ್ಲಿ, ಎಷ್ಟು ಮಾಲಿಗೆ ಒಂದರಂತೆ ಪರೀಕ್ಷೆ ಮಾಡಿಸಲಾಗುತ್ತದೆ ಎಂಬುದನ್ನು ನೇರವಾಗಿ ಬರೆದ ಒಂದು ಪುಟ, ಆರೋಗ್ಯ ಲಾಭಗಳ ನಲವತ್ತು ಲೇಖನಗಳಿಗಿಂತ ಬೆಲೆಬಾಳುತ್ತದೆ.

ಇಲ್ಲಿಯೇ ಹೆಸರಿನ ಪ್ರಶ್ನೆಯೊಂದು ಬರುತ್ತದೆ. ಕನ್ನಡಿಗರ ‘ಬ್ಯಾಡಗಿ’ ಮುಂಬಯಿ, ಕೊಂಕಣದ ಕಡೆ ‘ಬೇಡಗಿ ಮಿರ್ಚಿ’. ಇಂಗ್ಲಿಷಿನಲ್ಲಿ ಅದನ್ನು ನಾಲ್ಕೈದು ಬಗೆಯಲ್ಲಿ ಬರೆಯುವವರಿದ್ದಾರೆ. ಬಣ್ಣಕ್ಕಾಗಿ ಮೆಣಸಿನಕಾಯಿ ಬೇಕಾದ ಉತ್ತರ ಭಾರತದವನು ಹುಡುಕುವುದು ‘ಕಾಶ್ಮೀರಿ ಮಿರ್ಚ್’ ಎಂದು. ತನ್ನ ಮಾಲಿಗೆ ಊರೂರಿನಲ್ಲಿ ಯಾವ ಹೆಸರಿದೆ ಎಂಬುದನ್ನು ಅರಿತು, ಬ್ಯಾಡಗಿಗೂ ಕಾಶ್ಮೀರಿಗೂ ಇರುವ ವ್ಯತ್ಯಾಸವನ್ನು ಪ್ರಾಮಾಣಿಕವಾಗಿ ವಿವರಿಸಿದ ವ್ಯಾಪಾರಿಯ ಪುಟವು ಈ ಎಲ್ಲರ ಕಣ್ಣಿಗೂ ಬೀಳುವ ಸಂಭವವಿದೆ. ವಿದೇಶಿ ಆಮದುದಾರರಲ್ಲಿ ಸರಕಿನ ಸುಂಕ ಸಂಕೇತದಿಂದಲೇ ಹುಡುಕುವವರೂ ಉಂಟು. ಮೆಣಸಿನಕಾಯಿಗೆ ಅನ್ವಯಿಸುವ 0904 ಎಂಬ ಶೀರ್ಷಿಕೆಯನ್ನು ಪುಟದಲ್ಲಿ ನಮೂದಿಸಲು ಒಂದು ಪೈಸೆಯೂ ಖರ್ಚಾಗದು. ಯಾವ ಪದಗಳಿಂದ ಹುಡುಕಿದವರಿಗೆ ತಾಣ ಕಾಣಿಸಿತು, ಎಷ್ಟು ಮಂದಿ ಒಳಗೆ ಬಂದರು ಎಂಬ ಲೆಕ್ಕವನ್ನು ಗೂಗಲ್‌ನ ‘ಸರ್ಚ್ ಕನ್ಸೋಲ್’ ಎಂಬ ಸಾಧನ ಉಚಿತವಾಗಿ ಕೊಡುತ್ತದೆ. ತಾಣದ ಮಾಲೀಕನಿಗೆ ಸೇರಿದ ಈ ಲೆಕ್ಕವನ್ನು ಮಾಲೀಕನೇ ನೋಡಿರುವುದಿಲ್ಲ, ಗುತ್ತಿಗೆದಾರ ಕಳುಹಿಸಿದ ಬಣ್ಣದ ನಕ್ಷೆಗಳನ್ನಷ್ಟೇ ನೋಡಿರುತ್ತಾನೆ.

ವ್ಯಾಪಾರಿಗಳು ಬರೆಯಲು ಅತಿ ಹೆಚ್ಚು ಹಿಂಜರಿಯುವ ವಿಷಯ ದರ. ದರ ಬರೆದರೆ ಪ್ರತಿಸ್ಪರ್ಧಿಗೆ ತಿಳಿಯುತ್ತದೆ, ಗ್ರಾಹಕ ಹೆದರಿ ಓಡುತ್ತಾನೆ ಎಂಬ ಭಯ ಸಹಜವಾದದ್ದೇ. ಅಮೆರಿಕದ ವರ್ಜೀನಿಯ ರಾಜ್ಯದಲ್ಲಿ ಫೈಬರ್‌ಗ್ಲಾಸ್ ಈಜುಕೊಳಗಳನ್ನು ಅಳವಡಿಸುವ ರಿವರ್ ಪೂಲ್ಸ್ ಎಂಬ ಸಣ್ಣ ಸಂಸ್ಥೆಯ ಅನುಭವ ಈ ದೃಷ್ಟಿಯಿಂದ ಗಮನಾರ್ಹ. 2008ರ ಆರ್ಥಿಕ ಕುಸಿತದಲ್ಲಿ ಮುಳುಗುವ ಸ್ಥಿತಿಗೆ ಬಂದಿದ್ದ ಆ ಸಂಸ್ಥೆಯ ಪಾಲುದಾರ ಮಾರ್ಕಸ್ ಶೆರಿಡನ್, ಜಾಹೀರಾತಿಗೆ ಹಣವಿಲ್ಲದೆ, ಗ್ರಾಹಕರು ಕೇಳುತ್ತಿದ್ದ ಪ್ರಶ್ನೆಗಳಿಗೆ ತಾನೇ ಕುಳಿತು ಉತ್ತರ ಬರೆಯತೊಡಗಿದರು. ಆ ವ್ಯವಹಾರದಲ್ಲಿ ಬೇರೆಯವರು ಬಾಯಿಬಿಡದಿದ್ದ ಪ್ರಶ್ನೆಯೆಂದರೆ ಈಜುಕೊಳಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದು. ಅವರೂ ನಿಖರ ದರ ಹೇಳಲಿಲ್ಲ; ಯಾವ ಯಾವ ಕಾರಣದಿಂದ ಖರ್ಚು ಹೆಚ್ಚುಕಡಿಮೆಯಾಗುತ್ತದೆ ಎಂಬುದನ್ನು ವಿವರಿಸಿದರು. ಸಂಸ್ಥೆಗೆ ಅತಿ ಹೆಚ್ಚು ಆದಾಯ ತಂದ ಬರಹ ಅದೇ ಎಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಮೆಣಸಿನಕಾಯಿಯ ದರ ಟೆಂಡರ್‌ನಿಂದ ಟೆಂಡರ್‌ಗೆ ಬದಲಾಗುವುದರಿಂದ ಅಂಕಿ ಹಾಕುವುದು ಸಾಧ್ಯವಿಲ್ಲ, ನಿಜ. ಬಣ್ಣ, ತೇವಾಂಶ, ತೊಟ್ಟು, ಹೊಸ ಮಾಲು, ಶೀತಲಗೃಹದ ಮಾಲು ಇವುಗಳಿಂದ ದರ ಹೇಗೆ ವ್ಯತ್ಯಾಸವಾಗುತ್ತದೆ ಎಂಬುದನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ.

ಲೆಕ್ಕದ ದೃಷ್ಟಿಯಿಂದಲೂ ಈ ವಿಷಯವನ್ನು ನೋಡಬೇಕು. ಲೆಕ್ಕಪತ್ರ ಮಾನದಂಡ 26ರಂತೆ ಸಂಸ್ಥೆಯೇ ಬೆಳೆಸಿಕೊಂಡ ಬ್ರಾಂಡ್, ಗ್ರಾಹಕ ಪಟ್ಟಿ ಮುಂತಾದವನ್ನು ಆಸ್ತಿಯೆಂದು ತೋರಿಸುವಂತಿಲ್ಲ. ಪ್ರಚಾರಕ್ಕಾಗಿ ಮಾಡಿದ ಖರ್ಚು ಆಯಾ ವರ್ಷದ ಲಾಭನಷ್ಟ ಖಾತೆಗೇ ಹೋಗಬೇಕು. ಹೀಗಾಗಿ ಒಳ್ಳೆಯ ಪುಟವೂ ಕೆಟ್ಟ ಪುಟವೂ ಲೆಕ್ಕದ ಪುಸ್ತಕದಲ್ಲಿ ಒಂದೇ ರೀತಿ ಕಾಣುತ್ತವೆ. ಆದರೆ ಒಂದು ಐದು ವರ್ಷ ವಿಚಾರಣೆ ತರುತ್ತದೆ, ಇನ್ನೊಂದು ಬಿಲ್ಲು ಪಾವತಿಯಾದ ದಿನವೇ ಸತ್ತಿರುತ್ತದೆ. ಈ ಭೇದ ತಿಳಿಯಬೇಕಾದರೆ ಹೊಸ ಗ್ರಾಹಕ ಕರೆ ಮಾಡಿದಾಗ ‘ತಾವು ನಮ್ಮನ್ನು ಹೇಗೆ ಕಂಡುಕೊಂಡಿರಿ, ಯಾವ ಪುಟ ಓದಿದಿರಿ’ ಎಂದು ಕೇಳಿ ವಿಚಾರಣಾ ಪುಸ್ತಕದ ಒಂದು ಅಂಕಣದಲ್ಲಿ ಬರೆದಿಡುವುದೇ ಸಾಕು. ವರ್ಷದ ಕೊನೆಗೆ ಮಾಡಿದ ಖರ್ಚನ್ನು ಬಂದ ವಿಚಾರಣೆಗಳಿಂದ ಭಾಗಿಸಿದರೆ, ಗುತ್ತಿಗೆ ಮುಂದುವರಿಸಬೇಕೇ ಬೇಡವೇ ಎಂಬುದಕ್ಕೆ ಬೇರೆಯವರ ಸಲಹೆ ಬೇಕಾಗುವುದಿಲ್ಲ. ಸ್ವಂತ ಬರಹವೂ ಪುಕ್ಕಟೆಯಲ್ಲ; ಮಾಲೀಕನ ಹಾಗೂ ಗುಮಾಸ್ತನ ಸಮಯವನ್ನೂ ಆ ಖರ್ಚಿನಲ್ಲಿ ಹಿಡಿಯಬೇಕು.

ಈ ವಾದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ಲೇತ್ ಯಂತ್ರವಿಟ್ಟುಕೊಂಡು ಸುತ್ತಲಿನ ಹತ್ತು ಕಾರ್ಖಾನೆಗಳಿಗೆ ಜಾಬ್‌ವರ್ಕ್ ಮಾಡುವವನಿಗೆ ಲೇಖನಗಳ ಅಗತ್ಯವೇ ಇಲ್ಲ. ಗೂಗಲ್ ನಕ್ಷೆಯಲ್ಲಿ ವಿಳಾಸ, ದೂರವಾಣಿ, ನಾಲ್ಕು ಚಿತ್ರಗಳು ಸರಿಯಾಗಿದ್ದರೆ ಅವನ ಕೆಲಸ ನಡೆಯುತ್ತದೆ. ಇಂಡಿಯಾಮಾರ್ಟ್‌ನಂಥ ಮಾರುಕಟ್ಟೆ ತಾಣಗಳಿಂದ ಆರ್ಡರ್ ಪಡೆಯುವವರು ಸಾಕಷ್ಟು ಮಂದಿ ಇದ್ದಾರೆ, ಅದನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಪರರ ಜಾಗದಲ್ಲಿ ಮಾತ್ರ ಅಂಗಡಿ ಹಾಕಿದವರಿಗೆ 2024ರ ಮಾರ್ಚ್‌ನಲ್ಲಿ ಒಂದು ಪಾಠವಾಯಿತು: ವ್ಯಾಪಾರಿಗಳಿಗೆ ಗೂಗಲ್ ಉಚಿತವಾಗಿ ಕಟ್ಟಿಕೊಟ್ಟಿದ್ದ ಒಂದು ಪುಟದ ಜಾಲತಾಣಗಳನ್ನು ಅದು ಮುಚ್ಚಿಬಿಟ್ಟಿತು.

ಹೆಚ್ಚು ತೂಕದ ಆಕ್ಷೇಪಣೆ ಕೃತಕ ಬುದ್ಧಿಮತ್ತೆಯದು. 2024ರ ಆಗಸ್ಟ್‌ನಿಂದ ಭಾರತದಲ್ಲಿಯೂ ಗೂಗಲ್ ಅನೇಕ ಪ್ರಶ್ನೆಗಳಿಗೆ ತಾನೇ ಉತ್ತರ ಸಿದ್ಧಪಡಿಸಿ ಫಲಿತಾಂಶಗಳ ಮೇಲ್ಭಾಗದಲ್ಲಿ ತೋರಿಸುತ್ತಿದೆ. ಉತ್ತರ ಅಲ್ಲಿಯೇ ಸಿಕ್ಕಮೇಲೆ ಓದುಗ ತಾಣದೊಳಗೆ ಏಕೆ ಬಂದಾನು? ಸಾಮಾನ್ಯ ಜ್ಞಾನದ ಬರಹಗಳಿಗೆ ಇದರಿಂದ ಏಟು ಬೀಳುವುದು ಖಂಡಿತ, ಮತ್ತು ಗುತ್ತಿಗೆಯ ಲೇಖನಗಳಲ್ಲಿ ಬಹುಪಾಲು ಅಂಥವೇ. ಡಬ್ಬಿ ಮೆಣಸಿನಕಾಯಿಯ ಗುಣಗಳನ್ನು ಯಂತ್ರ ಹೇಳಬಹುದು. ಈ ಹಂಗಾಮಿನಲ್ಲಿ ಅಕಾಲ ಮಳೆಯಿಂದ ಬಣ್ಣ ಕುಂದಿದೆಯೇ, ಇರುವ ಮಾಲು ಎಷ್ಟು, ಯಾವ ದಿನ ಲಾರಿ ಹೊರಡುತ್ತದೆ ಎಂಬುದನ್ನು ವ್ಯಾಪಾರಿ ಬರೆಯದಿದ್ದರೆ ಅದಕ್ಕೂ ತಿಳಿಯದು. ಖರೀದಿದಾರನಿಗೆ ಕೊನೆಗೆ ಬೇಕಾಗಿರುವುದು ಉತ್ತರವಲ್ಲ, ಮಾಲು ಕೊಡುವ ಮನುಷ್ಯ.

ಸ್ವಂತವಾಗಿ ಬರೆಯಲು ಸಾಧ್ಯವೇ ಇಲ್ಲದವರು ಹೊರಗಿನವರ ನೆರವು ಪಡೆಯುವುದರಲ್ಲಿ ತಪ್ಪಿಲ್ಲ. ಮಾಲೀಕ ಅರ್ಧ ಗಂಟೆ ಮಾತನಾಡಿ ಫೋನಿನಲ್ಲಿ ಧ್ವನಿಮುದ್ರಿಸಿ ಕೊಟ್ಟರೆ ಅದನ್ನು ತಿದ್ದಿ ಬರಹವಾಗಿಸುವವರು ಸಿಗುತ್ತಾರೆ. ಭಾಷೆ ಅವರದಾಗಲಿ, ವಿಷಯ ಮಾತ್ರ ಮಾಲೀಕನದೇ ಆಗಿರಲಿ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಜಾಲತಾಣದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದನ್ನು ನೋಡಲೇಬೇಕು. ಗುತ್ತಿಗೆದಾರನ ಹೆಸರಿನಲ್ಲಿ ನೋಂದಣಿಯಾಗಿ, ಜಗಳವಾದ ದಿನ ತಾಣವೇ ಕೈತಪ್ಪಿ, ಮುದ್ರಿಸಿದ ಚೀಲಗಳ ಮೇಲಿನ ವಿಳಾಸ ನಿರುಪಯೋಗಿಯಾದ ಪ್ರಸಂಗಗಳು ಉಂಟು. ಹಣ ಕೊಟ್ಟು ಕೊಂಡಿ ಹಾಕಿಸುವುದಿಲ್ಲವೆಂಬ ಮಾತನ್ನೂ ಲಿಖಿತವಾಗಿ ಪಡೆಯುವುದು ಕ್ಷೇಮ.

ಹೊಸ ಪುಟವನ್ನು ಶೋಧಯಂತ್ರ ಗುರುತಿಸಿ ಮೇಲೆ ತರಲು ಕೆಲವು ತಿಂಗಳುಗಳೇ ಹಿಡಿಯಬಹುದು. ಬ್ಯಾಡಗಿಯಲ್ಲಿ ಹೊಸ ಮಾಲಿನ ಆವಕ ಏರುವುದು ಜನವರಿಯ ಸುಮಾರಿಗೆ. ಆಗ ಬರೆಯಲು ಕುಳಿತರೆ ಹಂಗಾಮು ಮುಗಿದ ಮೇಲೆ ಪುಟ ಕಾಣಿಸೀತು. ಮಾರುಕಟ್ಟೆ ತಣ್ಣಗಿರುವ ಮಳೆಗಾಲದಲ್ಲಿ ವಾರಕ್ಕೊಂದು ಸಂಜೆ ಇದಕ್ಕೆ ಮೀಸಲಿಟ್ಟರೆ, ದೀಪಾವಳಿಯ ಹೊಸ ಲೆಕ್ಕದ ಪುಸ್ತಕ ತೆರೆಯುವ ಹೊತ್ತಿಗೆ ಹನ್ನೆರಡು ಪ್ರಶ್ನೆಗಳಿಗೆ ಹನ್ನೆರಡು ಪುಟಗಳು ಸಿದ್ಧವಾಗಿರುತ್ತವೆ.