ಕಪ್ಪು ಮದರಂಗಿ ಬೇಡ, ಗೋರಂಟಿಯ ಕೆಂಪೇ ಇರಲಿ

ಶ್ರಾವಣದ ನಾಗರ ಪಂಚಮಿ ಬಂದಿತೆಂದರೆ ತವರಿಗೆ ಬಂದ ಹೆಣ್ಣುಮಕ್ಕಳ ಅಂಗೈಗಳು ಕೆಂಪೇರುವುದು ನಮ್ಮ ಸೀಮೆಯ ರೂಢಿ. ಬೇಲಿಯ ಗೋರಂಟಿ ಸೊಪ್ಪನ್ನು ಅರೆದು, ರಾತ್ರಿ ಹಚ್ಚಿ, ಬೆಳಿಗ್ಗೆ ತೆಗೆಯುವ ಈ ಅಲಂಕಾರದಿಂದ ಸಾಮಾನ್ಯವಾಗಿ ಕೇಡಿಲ್ಲ. ಈಗ ಗುಡೇಕೋಟೆಯಂತಹ ಊರುಗಳ ಮಕ್ಕಳನ್ನೂ ಸೆಳೆಯುತ್ತಿರುವುದು ಜಾತ್ರೆ, ಸಂತೆಗಳಲ್ಲಿ ಅಚ್ಚು ಒತ್ತಿ ಬರೆಯುವ ಕಡುಗಪ್ಪಿನ ತಾತ್ಕಾಲಿಕ ಹಚ್ಚೆ. ಇದನ್ನು ಮದರಂಗಿಯೆಂದು ನಂಬುವುದು ಸರಿಯಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ಗೋರಂಟಿ ಎಲೆಯಲ್ಲಿರುವ ಲಾಸೋನ್ ಎಂಬ ವರ್ಣದ್ರವ್ಯವು ಚರ್ಮದ ಮೇಲ್ಪದರಕ್ಕೆ ನಿಧಾನವಾಗಿ ಅಂಟುತ್ತದೆ. ಮೊದಲು ಕಿತ್ತಳೆಯಾಗಿದ್ದು, ಒಂದೆರಡು ದಿನಗಳಲ್ಲಿ ಕೆಂಗಂದು ಬಣ್ಣಕ್ಕೆ ತಿರುಗಿ, 1ರಿಂದ 3 ವಾರಗಳಲ್ಲಿ ಮಾಸುತ್ತದೆ. ಕೆಲವೇ ಹೊತ್ತಿನಲ್ಲಿ ಕಾಡಿಗೆಯಂತೆ ಕಪ್ಪಾಗುವ ಗುಣ ಈ ಎಲೆಗಿಲ್ಲ. ಹಾಗೆ ಕಪ್ಪಾದರೆ, ಕೂದಲಿನ ಬಣ್ಣದಲ್ಲಿ ಬಳಸುವ ಪ್ಯಾರಾಫಿನೈಲಿನ್‌ಡೈಅಮೀನ್, ಅಂದರೆ ಪಿಪಿಡಿ, ಬೆರೆತಿದೆಯೆಂದು ಶಂಕಿಸಬೇಕು.

ಈ ರಾಸಾಯನಿಕವು ಕೆಲವರಲ್ಲಿ ಚಿತ್ತಾರದ ಗೆರೆಗುಂಟ ತುರಿಕೆ, ಬಾವು, ನೀರುಗುಳ್ಳೆಗಳನ್ನು ಎಬ್ಬಿಸುತ್ತದೆ. ಮೊದಲ ಸಲವಾದರೆ ಒಂದೆರಡು ವಾರ ತಡವಾಗಿ, ಮುಂದಿನ ಸಲ ಒಂದೆರಡು ದಿನಗಳಲ್ಲೇ ಇದು ಕಾಣಿಸಬಹುದು. ಕಲೆ ಉಳಿಯುವುದುಂಟು. ಅದಕ್ಕಿಂತ ದೊಡ್ಡ ನಷ್ಟವೆಂದರೆ ಒಮ್ಮೆ ಹುಟ್ಟಿದ ಅಲರ್ಜಿ ಜೀವನಪರ್ಯಂತ ಉಳಿಯಬಲ್ಲದು. ಹತ್ತರ ವಯಸ್ಸಿನಲ್ಲಿ ಹಚ್ಚೆ ಹಾಕಿಸಿಕೊಂಡವಳು ನಲವತ್ತರಲ್ಲಿ ಕೂದಲಿಗೆ ಬಣ್ಣ ಹಚ್ಚಿದಾಗ ಮುಖ, ಕಣ್ಣು ಊದಿಕೊಂಡು ಆಸ್ಪತ್ರೆ ಸೇರಬೇಕಾಗಬಹುದು.

ಇಂತಹ ಕೂದಲ ಬಣ್ಣದ ಪೊಟ್ಟಣದ ಮೇಲೆ ಸ್ಥಳೀಯ ಭಾಷೆಯಲ್ಲೂ ಎಚ್ಚರಿಕೆ ಮುದ್ರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. ಪೊಟ್ಟಣ ಒಡೆದು ಬಟ್ಟಲಿಗೆ ಸುರಿದ ಮೇಲೆ ಆ ಎಚ್ಚರಿಕೆ ಯಾರ ಕಣ್ಣಿಗೂ ಬೀಳದು. ಎಲ್ಲ ದೋಷವನ್ನೂ ಹೊಟ್ಟೆಪಾಡಿಗೆ ಕುಳಿತ ಮಾರಾಟಗಾರನ ಮೇಲೆ ಹೊರಿಸುವುದು ನ್ಯಾಯವಲ್ಲ. ಅವನಿಗೂ ಇದು ತಿಳಿಯದಿರಬಹುದು. ಬಣ್ಣ ಕಡುವಾದಷ್ಟೂ ಗಂಡನ ಪ್ರೀತಿ ಹೆಚ್ಚೆಂಬ ಹಾಸ್ಯದ ಮಾತನ್ನು ನಿಜವೆಂಬಂತೆ ಬೆಳೆಸಿದವರು ನಾವೇ. ಕಪ್ಪನ್ನು ಕೇಳುವವರಿರುವ ತನಕ ಕೊಡುವವರೂ ಇರುತ್ತಾರೆ.

ಮದರಂಗಿ ಹಚ್ಚುವಾಗ ಪಾಲಿಸಬೇಕಾದುದು ಇಷ್ಟು: ಹಸಿ ಎಲೆಯನ್ನಾಗಲಿ ಶುದ್ಧ ಪುಡಿಯನ್ನಾಗಲಿ ಮನೆಯಲ್ಲೇ ಕಲಸಿರಿ. ಘಟಕಗಳ ವಿವರವಿಲ್ಲದ, ಸೀಮೆಎಣ್ಣೆಯಂತೆ ನಾರುವ ಕೋನ್ ಕೊಳ್ಳಬೇಡಿರಿ. ಮೊದಲು ಮುಂಗೈಯ ಒಳಭಾಗಕ್ಕೆ ಚುಕ್ಕೆಯಷ್ಟು ಹಚ್ಚಿ ಒಂದು ದಿನ ಕಾಯಿರಿ. ಆದರೆ ಪಿಪಿಡಿಯ ಅಲರ್ಜಿ ತಡವಾಗಿಯೂ ಬರುವುದರಿಂದ ಈ ಪರೀಕ್ಷೆ ಕಪ್ಪು ಮದರಂಗಿಗೆ ಅಭಯವಲ್ಲ. ಗಾಯ, ಕಜ್ಜಿಯ ಮೇಲೆ ಹಚ್ಚಬಾರದು. ಹಸುಗೂಸುಗಳಿಗಂತೂ ಬೇಡವೇ ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನಲ್ಲಿ ಶುದ್ಧ ಗೋರಂಟಿಯೂ ಕೆಂಪು ರಕ್ತಕಣಗಳನ್ನು ಒಡೆಯಬಲ್ಲದು.

ಉರಿ ಕಂಡೊಡನೆ ಸಾಬೂನಿನಿಂದ ತೊಳೆಯಿರಿ. ಗುಳ್ಳೆ ಒಡೆಯದೆ, ಸುಣ್ಣ, ಅರಿಸಿನ ಮೆತ್ತದೆ ವೈದ್ಯರಲ್ಲಿಗೆ ಹೋಗಿರಿ. ಮುಖ ಊದಿದರೆ, ಉಸಿರು ಕಟ್ಟಿದರೆ ಕ್ಷಣವೂ ತಡಮಾಡದೆ ಆಸ್ಪತ್ರೆ ಸೇರಿರಿ. ಮುಂದೆ ಯಾವ ಚಿಕಿತ್ಸೆಗೆ ಹೋದರೂ ಈ ಅಲರ್ಜಿಯ ಸಂಗತಿಯನ್ನು ತಿಳಿಸಿರಿ. ಮರಗಟ್ಟಿಸುವ ಕೆಲವು ಔಷಧಗಳೂ ಇಂಥವರಿಗೆ ಒಗ್ಗುವುದಿಲ್ಲ.

ಕೊಟ್ಟೂರು, ಮೈಲಾರದಂತಹ ದೊಡ್ಡ ಜಾತ್ರೆಗಳನ್ನು ನಡೆಸುವ ಹಿರಿಯರು ಕುಡಿಯುವ ನೀರಿಗೆ ವಹಿಸುವ ಕಾಳಜಿಯನ್ನು ಈ ಬಟ್ಟಲುಗಳ ಬಗೆಗೂ ವಹಿಸಲೆಂದು ಕೋರುತ್ತೇವೆ. ತಾಯಂದಿರು ಹಿತ್ತಲಲ್ಲಿ ಒಂದು ಗೋರಂಟಿ ಗಿಡ ನೆಡಲಿ. ನಮ್ಮ ಬಯಲುಸೀಮೆಯ ಬಿಸಿಲಿಗೆ, ಕಡಿಮೆ ನೀರಿಗೆ ಅದು ಹೊಂದಿಕೊಂಡು ಬೆಳೆಯುತ್ತದೆ.