ಥಲಸ್ಸೇಮಿಯಾ ಮಗುವಿಗೆ ಹಲ್ಲಿನ ಚಿಕಿತ್ಸೆ: ಅರಿವಳಿಕೆಗೆ ಮುನ್ನ ಹೇಳಬೇಕಾದ್ದು

2025ರ ಅಕ್ಟೋಬರ್‌ನಲ್ಲಿ ಜಾರ್ಖಂಡ್‌ನ ಚಾಯಿಬಾಸಾದಲ್ಲಿ ಥಲಸ್ಸೇಮಿಯಾ ಇರುವ ಮಕ್ಕಳಲ್ಲಿ ಎಚ್‌ಐವಿ ಪತ್ತೆಯಾಯಿತು. ಆ ಸುದ್ದಿ ಓದಿ ನಿಮಗೂ ಭಯವಾಗಿರಬಹುದು. ನಿಮ್ಮ ರಕ್ತನಿಧಿಯಲ್ಲಿ ನ್ಯಾಟ್ ಪರೀಕ್ಷೆ ಮಾಡುತ್ತಾರೆಯೇ ಎಂದು ಧೈರ್ಯವಾಗಿ ಕೇಳಿ. ಆದರೆ ಭಯದಿಂದ ರಕ್ತ ಹಾಕಿಸುವುದನ್ನು ಮುಂದೂಡಬೇಡಿ. ಮಗುವಿಗೆ ಹಲ್ಲಿನ ಚಿಕಿತ್ಸೆ ಆಗಬೇಕಿದ್ದರಂತೂ ಬೇಡವೇ ಬೇಡ.

ಒಂದೆರಡು ಹಲ್ಲಿನ ಕೆಲಸ ವಸಡಿಗೆ ಮರಗಟ್ಟಿಸುವ ಇಂಜೆಕ್ಷನ್‌ನಲ್ಲೇ ಮುಗಿಯಬಹುದು. ಹಲವು ಹಲ್ಲು ಹುಳುಕಾಗಿದ್ದರೆ, ಮಗು ತೀರಾ ಚಿಕ್ಕದಾಗಿದ್ದರೆ, ಜನರಲ್ ಅನಸ್ತೇಶಿಯಾ, ಅಂದರೆ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಆಗ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ದೇಹಕ್ಕೆ ಆಮ್ಲಜನಕ ಸಾಲದೆ ಹೋಗಬಹುದು. ಅದಕ್ಕೇ ರಕ್ತ ಹಾಕಿಸಿದ ನಂತರದ ದಿನಗಳಲ್ಲೇ ಚಿಕಿತ್ಸೆಯ ದಿನ ಗೊತ್ತುಮಾಡಲು ಕೇಳಿ.

ಅರಿವಳಿಕೆ ವೈದ್ಯರು ಇನ್ನೂ ಕೆಲವನ್ನು ನೋಡುತ್ತಾರೆ. ಅಸ್ಥಿಮಜ್ಜೆ ಹಿಗ್ಗಿ ಮೇಲ್ದವಡೆ ಮುಂದೆ ಬಂದಿದ್ದರೆ ಉಸಿರಿನ ಕೊಳವೆ ಹಾಕುವುದು ಕಷ್ಟ. ಕಬ್ಬಿಣ ಶೇಖರವಾಗಿ ಹೃದಯ, ಯಕೃತ್ತು, ಥೈರಾಯ್ಡ್‌ಗೆ ತೊಂದರೆಯಾಗಿರಬಹುದು, ಸಕ್ಕರೆ ಕಾಯಿಲೆಯೂ ಬಂದಿರಬಹುದು. ಗುಲ್ಮ ತೆಗೆದಿದ್ದರೆ ಸೋಂಕು ಬೇಗ ಏರುತ್ತದೆ.

ಫಾರ್ಮಸಿಸ್ಟ್ ಆಗಿ ನಾನು ಒತ್ತಿ ಹೇಳುವುದು ಔಷಧಿಗಳ ಬಗ್ಗೆ. ಡೆಫೆರಿಪ್ರೋನ್ ಬಿಳಿ ರಕ್ತಕಣಗಳನ್ನು ಇಳಿಸಬಲ್ಲದು. ಹಾಗಾಗಿ ಇತ್ತೀಚಿನ ಸಿಬಿಸಿ ವರದಿ ಕೈಯಲ್ಲಿರಲಿ. ಜ್ವರ, ಗಂಟಲು ನೋವು ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಿ. ಡೆಫೆರಾಸಿರಾಕ್ಸ್ ಮೂತ್ರಪಿಂಡ, ಹೊಟ್ಟೆಗೆ ತೊಂದರೆ ಕೊಡಬಹುದು. ಆದ್ದರಿಂದ ಹಲ್ಲುನೋವಿಗೆ ನೀವಾಗಿಯೇ ಐಬುಪ್ರೊಫೇನ್ ಕೊಡಬೇಡಿ. ಮೂಳೆ ಸವೆತಕ್ಕೆ ಜೊಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಆಗಿದ್ದರೆ ಹಲ್ಲು ಕೀಳುವ ಮೊದಲೇ ಹೇಳಿ, ಏಕೆಂದರೆ ದವಡೆಯ ಗಾಯ ಮಾಯದೆ ಉಳಿಯುವ ಅಪಾಯವಿದೆ.

ತೊಡಕು ಎಲ್ಲಿದೆ ಎಂದರೆ, ಈ ಮಾಹಿತಿಯೆಲ್ಲ ರಕ್ತ ಹಾಕಿಸುವ ಆಸ್ಪತ್ರೆಯ ಫೈಲ್‌ನಲ್ಲಿರುತ್ತದೆ. ಹಲ್ಲಿನ ಆಸ್ಪತ್ರೆ ಬೇರೆ ಕಡೆ. ನಾನು ಕನ್ನಡಕ್ಕೆ ಅನುವಾದಿಸುವ ಒಪ್ಪಿಗೆ ಪತ್ರಗಳಲ್ಲಿ 'ಬೇರೆ ಕಾಯಿಲೆ ಇದೆಯೇ' ಎಂಬ ಒಂದೇ ಸಾಲು ಇರುವುದುಂಟು. ಅಲ್ಲಿ 'ಥಲಸ್ಸೇಮಿಯಾ' ಎಂದಷ್ಟೇ ಬರೆದರೆ ಸಾಲದು. ಎರಡೂ ಕಡೆಯ ವೈದ್ಯರು ಮೊದಲೇ ಮಾತಾಡಿಕೊಳ್ಳಲಿ ಎಂದು ನೀವೇ ಕೇಳಬೇಕು.

ಐಸಿಯು, ರಕ್ತದ ಸೌಲಭ್ಯ ಇರುವ ದೊಡ್ಡ ಆಸ್ಪತ್ರೆಗೆ ಕಳಿಸಿದರೆ ಬೇಸರ ಬೇಡ, ಅದು ಎಚ್ಚರಿಕೆ. ದಾರಿ ತೋರಿಸದೆ ವಾಪಸ್ ಕಳಿಸಿದರೆ ಮಾತ್ರ ಪ್ರಶ್ನಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಥಲಸ್ಸೇಮಿಯಾವೂ ಇದೆ.

ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ: ಕೊನೆಯ ಬಾರಿ ರಕ್ತ ಹಾಕಿಸಿದ ದಿನ, ಹಿಮೋಗ್ಲೋಬಿನ್, ಫೆರಿಟಿನ್, ಎಕೋ ವರದಿ, ಎಲ್ಲ ಔಷಧಿಗಳ ಹೆಸರು ಮತ್ತು ಡೋಸ್, ಅಲರ್ಜಿ, ರಕ್ತದ ವೈದ್ಯರ ಫೋನ್ ನಂಬರ್. ಹಲ್ಲಿನ ವೈದ್ಯರ ಬಳಿ ಹೋದಾಗ ಮೊದಲು ಆ ಹಾಳೆಯನ್ನೇ ಕೊಡಿ.