ಎಡಗಾಲಿನ ಪಾಂಡಿತ್ಯ

ಕಳೆದ ತಿಂಗಳು ಬೆಂಗಳೂರಿನಲ್ಲೊಂದು ವಿಚಾರಸಂಕಿರಣ. ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯರೊಬ್ಬರು, 'ಚನ್ನಪಟ್ಟಣದಿಂದ ಹೇಗೆ ಓಡಾಡ್ತೀಯಮ್ಮ?' ಎಂದು ಕೇಳಿದರು. 'ಕಾರಲ್ಲಿ ಬರ್ತೀನಿ ಸರ್, ನಾನೇ ಓಡಿಸ್ಕೊಂಡು' ಎಂದೆ. ಅವರಿಗೆ ಖುಷಿಯಾಯಿತು. ಯಾವ ಕಾರು, ಎಷ್ಟು ಹಳೆಯದು ಎಂದೆಲ್ಲ ವಿಚಾರಿಸಿದರು. ಆಟೋಮ್ಯಾಟಿಕ್ ಎಂದ ಕೂಡಲೇ ಮುಖದ ಮೆಚ್ಚುಗೆ ಇಳಿದುಹೋಯಿತು. 'ಓ, ಅದಾ! ಅದನ್ನೇನು ಓಡಿಸೋದು ಬಿಡಮ್ಮ, ಸುಮ್ನೆ ಕೂತ್ಕೊಳ್ಳೋದು ತಾನೆ?' ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ.

ವಾಪಸು ಬರುವಾಗ ಬಿಡದಿ ದಾಟಿದರೂ ಆ ನಗು ಚುಚ್ಚುತ್ತಲೇ ಇತ್ತು. ಅವರದಲ್ಲ, ನನ್ನದು. ಅದನ್ನು ವಾಪಸು ತೆಗೆದುಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಅವರೊಬ್ಬರೇ ಹೀಗೆ ಅಂದಿದ್ದರೆ ಬರೆಯುವ ತುರ್ತು ಇರಲಿಲ್ಲ. ನಮ್ಮೂರಿನಲ್ಲಿ ದೊಡ್ಡಪ್ಪ, 'ಅದ್ಯಾವ ಗಾಡಿಯವ್ವ, ಗೇರೇ ಹಾಕಂಗಿಲ್ವಂತೆ, ತಾನೇ ಓಯ್ತದಂತೆ?' ಎಂದು ಕಾರಿಗೊಂದು ಪ್ರದಕ್ಷಿಣೆ ಹಾಕಿ ನಕ್ಕು ಹೋದ. ಜೊತೆಗೆ ಸಂಶೋಧನೆ ಮಾಡುವ ಗೆಳೆಯರು, 'ಚನ್ನಪಟ್ಟಣದವಳಲ್ವಾ, ಬೊಂಬೆ ಕಾರೇ ಓಡಿಸ್ತಾಳೆ' ಎಂದರು. ಹಳೆಯ ಕಾರು ಮಾರಿಸಿಕೊಟ್ಟ ದಲ್ಲಾಳಿಯೇ, 'ಲೇಡೀಸಿಗೆ ಹೇಳಿ ಮಾಡ್ಸಿದ ಗಾಡಿ ಮೇಡಂ' ಎಂದಿದ್ದ. ಮಾತು ಬೇರೆ ಬೇರೆ, ಒಳಗಿನ ತೀರ್ಪು ಒಂದೇ: ಕ್ಲಚ್ ತುಳಿಯದವರು ಡ್ರೈವರಲ್ಲ. ಈ ತೀರ್ಪು ತಪ್ಪು ಮಾತ್ರವಲ್ಲ, ಅದರಿಂದ ನಷ್ಟವಾಗುವ ಜನರೂ ಇದ್ದಾರೆ ಎನ್ನುವುದು ನನ್ನ ವಾದ.

ನನ್ನ ಸಂಶೋಧನೆ ಸೋಬಾನೆ ಪದಗಳ ಮೇಲೆ. ಪದ ಬಲ್ಲ ಅಜ್ಜಿಯರನ್ನು ಹುಡುಕಿಕೊಂಡು ಮೂರು ವರ್ಷದಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸುತ್ತುತ್ತಿದ್ದೇನೆ. (ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು, ನನ್ನ ಬಾಯಿಗೆ ಇನ್ನೂ ರಾಮನಗರವೇ ಬರುತ್ತದೆ.) ಅಜ್ಜಿಯರು ಬಸ್ಸಿನ ವೇಳೆಗೆ ಹಾಡುವುದಿಲ್ಲ. ಮುಸ್ಸಂಜೆ ಮೇಲೆ, ಕೆಲಸವೆಲ್ಲ ಮುಗಿದು ಎಲೆ ಅಡಿಕೆ ಹಾಕಿಕೊಂಡ ನಂತರ ಅವರಿಗೆ ಪದ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಕೊನೆಯ ಬಸ್ಸು ಹೋಗಿರುತ್ತದೆ. ಕಾರಿಲ್ಲದಿದ್ದರೆ ನನ್ನ ಪ್ರಬಂಧದ ಅರ್ಧ ಹಾಡುಗಳು ಇರುತ್ತಿರಲಿಲ್ಲ.

ನನ್ನದು ಎಎಂಟಿ ಕಾರು. 2014ರಲ್ಲಿ ಮಾರುತಿ ಸೆಲೆರಿಯೋ ಮೂಲಕ ನಮ್ಮ ದೇಶದ ಸಣ್ಣ ಕಾರುಗಳಿಗೆ ಬಂದ ವ್ಯವಸ್ಥೆ ಇದು. ಇದರಲ್ಲಿ ಕ್ಲಚ್ಚೂ ಇದೆ, ಗೇರೂ ಇವೆ. ಅವುಗಳನ್ನು ಒತ್ತುವ, ಬದಲಿಸುವ ಕೆಲಸ ಮಾತ್ರ ಯಂತ್ರದ್ದು. ಇಷ್ಟಕ್ಕೇ ನಾನು ಡ್ರೈವರಲ್ಲವೆಂದರೆ, ಯಂತ್ರಕ್ಕೆ ಕೆಲಸ ಒಪ್ಪಿಸಿದ ಎಲ್ಲರನ್ನೂ ಕರೆದು ಲೆಕ್ಕ ಕೇಳಬೇಕಾಗುತ್ತದೆ. ಒಂದು ಕಾಲದಲ್ಲಿ ಮುಂದೆ ನಿಂತು ಹ್ಯಾಂಡಲ್ ತಿರುಗಿಸದೆ ಯಾವ ಗಾಡಿಯೂ ಸ್ಟಾರ್ಟ್ ಆಗುತ್ತಿರಲಿಲ್ಲ. ಎಷ್ಟೋ ಜನರ ಕೈ ಮುರಿದ ಹ್ಯಾಂಡಲ್ ಅದು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸೆಲ್ಫ್ ಸ್ಟಾರ್ಟರ್ ಬಂತು. ಆಮೇಲೂ ಗೇರು ಬದಲಿಸುವಾಗ ಎರಡೆರಡು ಸಲ ಕ್ಲಚ್ ತುಳಿದು, ಇಂಜಿನ್ನಿನ ಸದ್ದು ಕೇಳಿ ಅಂದಾಜು ಮಾಡದಿದ್ದರೆ ಪೆಟ್ಟಿಗೆ ಕಿರುಗುಡುತ್ತಿತ್ತು. 1920ರ ದಶಕದ ಕೊನೆಯಲ್ಲಿ ಸಿಂಕ್ರೋಮೆಶ್ ಬಂದು ಆ ಕಷ್ಟವನ್ನೂ ಕಳೆಯಿತು. ಇಂದು ಐದು ಗೇರು ಸಲೀಸಾಗಿ ಹಾಕಿ ಮೀಸೆ ತಿರುವುವವರು ತಮ್ಮ ಪೆಟ್ಟಿಗೆಯೊಳಗಿನ ಈ ಸಹಾಯಕನನ್ನು ಎಂದೂ ನೆನೆಯುವುದಿಲ್ಲ. ಪೂರ್ತಿ ಆಟೋಮ್ಯಾಟಿಕ್ ಕೂಡ ನಿನ್ನೆ ಮೊನ್ನೆಯ ಫ್ಯಾಷನ್ನಲ್ಲ. 1940ರ ಮಾಡೆಲ್ ಓಲ್ಡ್ಸ್‌ಮೊಬೈಲಿನಲ್ಲೇ ಅದಿತ್ತು. ಹೀಗಿರುವಾಗ 'ನಿಜವಾದ ಡ್ರೈವಿಂಗ್' ಎನ್ನುವುದು ಯಾವ ವರ್ಷಕ್ಕೆ ನಿಂತುಹೋಯಿತು? ಹೇಳುವವರು ತಾವು ಕಲಿತ ವರ್ಷಕ್ಕೇ ಎನ್ನುತ್ತಾರೆ, ಅಷ್ಟೆ.

ಅಮೆರಿಕದ ಮಾತು ಬಿಡಿ, ನಮ್ಮ ಸಂತೆಬೀದಿಗೆ ಬನ್ನಿ. ಗೇರಿಲ್ಲದ ಸ್ಕೂಟರ್ ಬಂದ ಹೊಸದರಲ್ಲಿ ಅದೂ 'ಲೇಡೀಸ್ ಗಾಡಿ'ಯೇ ಆಗಿತ್ತು. 2001ರಲ್ಲಿ ಆಕ್ಟಿವಾ ಬಂತು. ಈಗ ಚನ್ನಪಟ್ಟಣದಲ್ಲಿ ಹಾಲಿನ ಕ್ಯಾನು, ಹಿಂಡಿ ಮೂಟೆ, ಎಳನೀರು ಗೊನೆ ಎಲ್ಲವೂ ಓಡಾಡುವುದು ಅಂಥ ಸ್ಕೂಟರಿನ ಮೇಲೆಯೇ. ಅದರ ಮೇಲೆ ಕೂತ ಯಾವ ಗಂಡಸಿಗೂ ಯಾರೂ 'ಸುಮ್ನೆ ಕೂತಿದ್ದೀಯ' ಎಂದದ್ದು ಕೇಳಿಲ್ಲ. 2023ರ ಜನವರಿಯಿಂದ ಬೆಂಗಳೂರು-ಮೈಸೂರು ನಡುವೆ ಕೆಎಸ್‌ಆರ್‌ಟಿಸಿಯ ವಿದ್ಯುತ್ ಬಸ್ಸು ಓಡುತ್ತಿದೆ. ಅದಕ್ಕೂ ಕ್ಲಚ್ ಇಲ್ಲ. ಅಷ್ಟು ಜನರನ್ನು ಹೊತ್ತು ಹೋಗುವ ಚಾಲಕ ಡ್ರೈವರಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು? ಅಂದಮೇಲೆ ಆಕ್ಷೇಪ ಇರುವುದು ಕ್ಲಚ್ಚಿನ ಬಗ್ಗೆಯಲ್ಲ, ಸ್ಟಿಯರಿಂಗ್ ಹಿಂದೆ ಕೂತವರ ಬಗ್ಗೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಗೇರ್ ಪೆಟ್ಟಿಗೆಗೆ ಕಣ್ಣಿಲ್ಲ. ಗಾಡಿಯ ವೇಗವೆಷ್ಟು, ಆಕ್ಸಿಲರೇಟರ್ ಎಷ್ಟು ಒತ್ತಿದೆ ಎನ್ನುವುದು ಅದಕ್ಕೆ ಗೊತ್ತು. ಮುಂದೆ ಏನಿದೆ ಎನ್ನುವುದು ಗೊತ್ತಿಲ್ಲ. ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಇದರ ಅರ್ಥ ತಿಳಿದೀತು. ಟಾರು ರಸ್ತೆಯೇ ಕಣವಾಗಿರುತ್ತದೆ. ರಾಗಿ, ಹುರುಳಿ ಹರಡಿರುತ್ತಾರೆ, ಹೋಗಿಬರುವ ಗಾಡಿಗಳೇ ಒಕ್ಕಣೆ ಮಾಡಬೇಕು. ಹುಲ್ಲಿನ ಮೇಲೆ ಜೋರಾಗಿ ಬ್ರೇಕ್ ತುಳಿದರೆ ಚಕ್ರ ಜಾರುತ್ತದೆ, ನಿಧಾನಿಸಿ ನಿಂತರೆ ಕಾದ ಇಂಜಿನ್ನಿನ ಅಡಿಗೆ ಹುಲ್ಲು ಸಿಕ್ಕಿಕೊಳ್ಳುತ್ತದೆ. ದೂರದಿಂದಲೇ ನೋಡಿ, ಮೊದಲೇ ವೇಗ ಇಳಿಸಿ, ಒಂದೇ ಹದದಲ್ಲಿ ದಾಟಬೇಕು. ಆ ಹದ ಯಾವ ಪೆಟ್ಟಿಗೆಯಲ್ಲೂ ಇಲ್ಲ.

ಕನಕಪುರದಿಂದ ದೊಡ್ಡಾಲಹಳ್ಳಿ ದಾಟಿ ಸಂಗಮಕ್ಕೆ ಹೋಗುವಾಗ ಕೊನೆಗೆ ಇಳಿಜಾರು, ತಿರುವು. ಅಲ್ಲಿ ಡಿ ಎಂಬಲ್ಲೇ ಬಿಟ್ಟು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಬ್ರೇಕು ಕಾಯುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಎಂ ಕಡೆಗೆ ತಂದು ಎರಡನೇ ಗೇರಿನಲ್ಲೇ ಉಳಿಸಿಕೊಂಡರೆ ಇಂಜಿನ್ನೇ ಗಾಡಿಯನ್ನು ಹಿಡಿದು ಇಳಿಸುತ್ತದೆ. ಮಾಗಡಿ ಕಡೆಯ ಏರಿನಲ್ಲಿ ಎದುರಿಗೆ ಟಿಪ್ಪರ್ ಬಂದು ನಿಂತರೆ ಆಕ್ಸಿಲರೇಟರ್ ಒತ್ತಿಯೇ ಗಾಡಿ ನಿಲ್ಲಿಸಿಕೊಳ್ಳುವಂತಿಲ್ಲ, ಕ್ಲಚ್ ಸುಡುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಎಳೆತಕ್ಕೆ ಬಂದಾಗ ಬಿಡಬೇಕು. ಕಬ್ಬಿನ ಟ್ರ್ಯಾಕ್ಟರನ್ನು ಹಿಂದಿಕ್ಕಬೇಕೆಂದರೆ ಪೆಟ್ಟಿಗೆ ಕೆಳಗಿನ ಗೇರಿಗೆ ಇಳಿಯಲು ಒಂದು ಗಳಿಗೆ ತೆಗೆದುಕೊಳ್ಳುತ್ತದೆ. ಆ ಗಳಿಗೆಯನ್ನು ಮೊದಲೇ ಲೆಕ್ಕ ಹಾಕಿ ಒತ್ತಬೇಕು. ಗೇರು ಏರುವ ಹೊತ್ತಿಗೆ ಕಾಲನ್ನು ತುಸು ಸಡಿಲಿಸಿದರೆ ಕಾರು ತಲೆದೂಗುವುದಿಲ್ಲ, ಹಿಂದೆ ಕೂತ ಅಜ್ಜಿಯ ಬಾಯಲ್ಲಿರುವ ಎಲೆ ಅಡಿಕೆ ಅಲುಗುವುದಿಲ್ಲ. ಇದನ್ನು ಕಲಿಯಲು ನನಗೆ ಆರು ತಿಂಗಳಾಯಿತು. ಕಲಿತ ದಿನದ ಸಂತೋಷವಿದೆಯಲ್ಲ, ಹಾಡುವವರಿಗೆ ಶ್ರುತಿ ಕೂಡಿದಾಗ ಆಗುವಂಥದ್ದು. ಯಂತ್ರದ ಉಸಿರೂ ನನ್ನ ಕಾಲೂ ಒಂದಾಗಿ, ಸಂಜೆಯ ಬೆಳಕಿನಲ್ಲಿ ಸಾವನದುರ್ಗದ ಬಂಡೆ ಪಕ್ಕದಲ್ಲೇ ಸರಿದುಹೋಗುವಾಗ, ಇದು ಓಡಿಸುವುದಲ್ಲದಿದ್ದರೆ ಇನ್ನೇನು?

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯನ್ನೇ ನೋಡಿ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿ, ಅದೇ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕು, ಆಟೋ, ಟ್ರ್ಯಾಕ್ಟರುಗಳು ಬರುವಂತಿಲ್ಲವೆಂದಾಯಿತು. ರಾಮನಗರ-ಚನ್ನಪಟ್ಟಣದ ಬೈಪಾಸಿನಲ್ಲಿ ಗೇರಿನ ಕಾರಿನವರೂ ಟಾಪ್ ಗೇರಿಗೆ ಹಾಕಿ ಎಡಗಾಲು ಚಾಚಿ ಕೂತಿರುತ್ತಾರೆ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ಅಲ್ಲಿ ಜೀವ ಉಳಿಸುವುದು ಮುಂದಿನ ಗಾಡಿಯಿಂದ ಇಟ್ಟುಕೊಂಡ ದೂರ, ಕನ್ನಡಿಯ ಮೇಲಿನ ಕಣ್ಣು, ಪಥ ಬದಲಿಸುವ ಮೊದಲಿನ ತಾಳ್ಮೆ. ಎಡಗಾಲಿನ ಪಾಂಡಿತ್ಯಕ್ಕೆ ಅಲ್ಲಿ ಕೆಲಸವೇ ಇಲ್ಲ.

'ಬೊಂಬೆ ಕಾರು' ಎಂದವರಿಗೂ ಒಂದು ಮಾತು ಬಾಕಿಯಿದೆ. ನಮ್ಮೂರ ಬೊಂಬೆ ಮಾಡುವುದನ್ನು ಒಮ್ಮೆ ಬಂದು ನೋಡಿ. ಆಲೆಮರದ ತುಂಡನ್ನು ಹಿಂದೆ ಕೈಯಿಂದಲೇ ತಿರುಗಿಸುತ್ತಿದ್ದರು, ಈಗ ಬಹಳ ಕಡೆ ಕರೆಂಟಿನ ಲೇತ್ ತಿರುಗಿಸುತ್ತದೆ. ತಿರುಗುವ ಮರಕ್ಕೆ ಉಳಿಯನ್ನು ಎಷ್ಟು ತಾಗಿಸಬೇಕು, ಅರಗಿನ ಕಡ್ಡಿಯನ್ನು ಎಷ್ಟು ಒತ್ತಿದರೆ ಉಜ್ಜಿದ ಬಿಸಿಗೆ ಕರಗಿ ಬಣ್ಣ ಸಮನಾಗಿ ಕೂರುತ್ತದೆ, ತಾಳೆಗರಿ ಹಿಡಿದು ಯಾವಾಗ ಹೊಳಪು ಕೊಡಬೇಕು ಎನ್ನುವುದು ಇವತ್ತಿಗೂ ಕೈಗೇ ಗೊತ್ತಿರುವ ವಿದ್ಯೆ. ಮೋಟಾರು ಬಂದದ್ದಕ್ಕೆ ಆ ಕೈಯನ್ನು ಕುಶಲಕರ್ಮಿಯದಲ್ಲ ಎಂದವರನ್ನು ನಾನು ಕಂಡಿಲ್ಲ. ಸಾಹಿತ್ಯದವರಾದ ನಮಗೆ ಮಾತ್ರ ಕಷ್ಟವನ್ನೇ ಕಲೆ ಎಂದುಕೊಳ್ಳುವ ಚಟ. ಪೆನ್ನು ಬಿಟ್ಟು ಕಂಪ್ಯೂಟರಿನಲ್ಲಿ ಬರೆದರೆ ಭಾವ ಬರುವುದಿಲ್ಲ ಎಂದದ್ದು ನಾವೇ ತಾನೆ?

ಇನ್ನು ನಷ್ಟವಾಗುವವರ ಮಾತು. ಅಪ್ಪ ಮೂವತ್ತು ವರ್ಷ ಟೆಂಪೊ ಓಡಿಸಿದವನು. ಬೆಳಗಾಗುವ ಮೊದಲೇ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋಗುತ್ತಿದ್ದ. ಮನೆಗೆಂದು ಕೊಂಡ ಹಳೆಯ ಕಾರಿನಲ್ಲಿ ನನಗೂ ಕಲಿಸಲು ಹೊರಟ. ಕೆರೆ ಏರಿ ಹತ್ತುವಾಗ ಮೂರು ಸಲ ಆಫ್ ಮಾಡಿದೆ. 'ನಿನ್ ಕೈಲಾಗಕಿಲ್ಲ ಬುಡವ್ವ' ಎಂದ. ಬಿಟ್ಟೆ. ನಾಲ್ಕು ವರ್ಷದ ಹಿಂದೆ ಒಂದು ರಾತ್ರಿ ಅಪ್ಪನ ಎಡಗೈ, ಎಡಗಾಲು ಸ್ವಾಧೀನ ತಪ್ಪಿತು, ಮಾತು ತೊದಲಿತು. ಅಂಗಳದಲ್ಲಿ ಕಾರಿತ್ತು, ಕೈಯಲ್ಲಿ ಕೀಲಿ ಇತ್ತು. ಅವ್ವನಿಗೂ ನನಗೂ ಅದನ್ನು ಕದಲಿಸಲು ಬರುತ್ತಿರಲಿಲ್ಲ. ಪಕ್ಕದ ಬೀದಿಯ ಹುಡುಗನನ್ನು ಎಬ್ಬಿಸಿ ಕರೆತರುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಅಪ್ಪ ಉಳಿದ. ಎಡಗಾಲು ಪೂರ್ತಿ ವಾಪಸು ಬರಲಿಲ್ಲ.

'ತುರ್ತಿಗೆ ಎಲ್ಲ ಗಾಡಿಯೂ ಬರಬೇಕಲ್ಲ, ಅದಕ್ಕೇ ಗೇರೇ ಕಲಿಯಬೇಕು' ಎನ್ನುವವರಿದ್ದಾರೆ. ವಾದದಲ್ಲಿ ಹುರುಳಿದೆ. ಬ್ರಿಟನ್ನಿನಲ್ಲಿ ಆಟೋಮ್ಯಾಟಿಕ್‌ನಲ್ಲಿ ಪರೀಕ್ಷೆ ಪಾಸಾದವರಿಗೆ ಗೇರಿನ ಕಾರು ಓಡಿಸುವ ಅನುಮತಿಯೇ ಇಲ್ಲ. ಕಲಿಯುವವರು ಕಲಿಯಲಿ. ಆದರೆ ಗೇರನ್ನೇ ಮೊದಲ ಬಾಗಿಲು ಮಾಡಿ, ಅಲ್ಲಿ ನಿಂತು ಗೇಲಿ ಮಾಡಿದರೆ ಎಷ್ಟೋ ಜನ ಒಳಗೇ ಬರುವುದಿಲ್ಲ. ಹಾಗೆ ಬಾರದವರಿದ್ದ ಮನೆಯಲ್ಲೇ ಆ ರಾತ್ರಿ ತುರ್ತು ಬಂದದ್ದು.

ನಮ್ಮ ಕಡೆಯ ತಪ್ಪನ್ನೂ ಹೇಳಿಬಿಡಬೇಕು. ಖಾಲಿಯಾದ ಎಡಗೈಗೆ ಮೊಬೈಲ್ ಕೊಟ್ಟವರು ನಾವೇ. ಕಾರು ಗೇರು ನೋಡಿಕೊಳ್ಳುತ್ತದೆಂದು ರಸ್ತೆಯನ್ನೂ ಅದಕ್ಕೇ ಒಪ್ಪಿಸಿದವರಿಗೆ ಆ ಹಿರಿಯರ ಗೇಲಿ ಸಲ್ಲುತ್ತದೆ. ಅದೇ ಮಾಡೆಲಿನ ಗೇರಿನ ಕಾರಿಗಿಂತ 50 ಸಾವಿರದ ಆಸುಪಾಸು ಹೆಚ್ಚು ತೆರಬೇಕು ಎನ್ನುವುದೂ ನಿಜ. ಗೇರಿನ ಕಾರಿಗೆ ಅದರದೇ ಸುಖವಿದೆ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆ ಸುಖವನ್ನೇ ಅರ್ಹತೆಯ ಅಳತೆಗೋಲು ಮಾಡುವುದನ್ನು ಒಪ್ಪುತ್ತಿಲ್ಲ, ಅಷ್ಟೆ.

ನನಗೆ ಓಡಿಸಲು ಕಲಿಸಿದವನು ಕೊನೆಗೂ ಅಪ್ಪನೇ. ಹಳೆಯ ಕಾರು ಮಾರಿ ಇದನ್ನು ತಂದ ಮೇಲೆ ಪಕ್ಕದ ಸೀಟಿನಲ್ಲಿ ಕೂತು ಹೇಳುತ್ತಿದ್ದ. 'ಆ ಎಮ್ಮೆ ಈಗ ತಿರುಗ್ತದೆ, ನಿಧಾನ.' 'ಬಸ್ ನಿಂತದೆ, ಮುಂದ್ಗಡೆಯಿಂದ ಐಕ್ಳು ಓಡ್ ಬತ್ತವೆ ನೋಡು.' ಒಂದು ಸಲವೂ ತಪ್ಪಲಿಲ್ಲ. ಎಡಗಾಲಿನ ಮೂವತ್ತು ವರ್ಷದ ಅಭ್ಯಾಸ ಒಂದೇ ರಾತ್ರಿಯಲ್ಲಿ ಹೋಗಿತ್ತು, ಡ್ರೈವರ್ ಮಾತ್ರ ಎಲ್ಲಿಗೂ ಹೋಗಿರಲಿಲ್ಲ.

ಸುಮ್ಮನೆ ಕೂರುವುದು ಎಂದರೇನೆಂದು ಆ ಹಿರಿಯರು ನಮ್ಮಪ್ಪನನ್ನು ಕೇಳಬೇಕು. ನಾಲ್ಕು ವರ್ಷ ಹಾಗೆ ಕೂತವನು ಅವನು. ಡಾಕ್ಟರು ಒಪ್ಪಿದ ಮೇಲೆ, ಹೋದ ಭಾನುವಾರ ಊರಾಚೆಯ ಬಯಲಿಗೆ ಕರೆದುಕೊಂಡು ಹೋಗಿ ಕೀಲಿ ಕೊಟ್ಟೆ. ಕೂತವನೇ ಅಭ್ಯಾಸಬಲದಿಂದ ಎಡಗಾಲನ್ನು ಎಳೆದುಕೊಂಡು ಕ್ಲಚ್ ಹುಡುಕಿದ. ಸಿಗಲಿಲ್ಲ. ನನ್ನ ಮುಖ ನೋಡಿದ. ಬ್ರೇಕ್ ಬಿಟ್ಟ, ಕಾರು ಮೆಲ್ಲಗೆ ಸರಿಯಿತು. ಮೂರು ಸುತ್ತು ಹಾಕಿ, ಒಂದು ಕಲ್ಲನ್ನೂ ತಗಲಿಸದೆ, ಹೊಂಗೆಮರದ ನೆರಳಿಗೆ ತಂದು ನಿಲ್ಲಿಸಿದ.

ಇಳಿಯುವಾಗ ಹೊಗಳಲಿಲ್ಲ, ಗೇಲಿಯನ್ನೂ ಮಾಡಲಿಲ್ಲ. 'ಬ್ರೇಕು ವಸಿ ಎಡಕ್ಕೆ ಎಳೀತದೆ, ನಾಳೆ ತೋರ್ಸು' ಅಂದ.